ಊರು ಯಾವುದು, ಇರೋದು ಎಲ್ಲಿ?

ನಾನು ಪುಣೆಗೆ ಬಂದದ್ದು 1983ರಲ್ಲಿ. ಇವತ್ತಿಗೂ ಯಾರಾದರೂ ‘ನಿಮ್ಮ ಊರು ಯಾವುದು?’ ಅಂದರೆ ಧಾರವಾಡ ಅನ್ನುತ್ತೇನೆ. ಅದು ಸುಳ್ಳೆಂದು ಎಂದೂ ಅನಿಸಿರಲಿಲ್ಲ. ಮಗನ ಒಂದು ಫೋನು ನನ್ನನ್ನು ವಿಚಾರಕ್ಕೆ ಹಚ್ಚಿತು.

ಕೆಲಸದ ವೀಸಾ ಮೇಲೆ ಅವನು ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಗೆಳೆಯರ ಜೊತೆ ಪ್ಯಾರಿಸ್ ನೋಡಿಬರುವ ಆಸೆ. ಅದಕ್ಕೆ ಷೆಂಗೆನ್ ವೀಸಾ ಬೇಕು. ಆ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಬೇಕು. ಅವನು ವಿಚಾರಿಸಿದ ಅಲ್ಲಿನ ಕಂಪನಿಗಳು ‘ಇಲ್ಲಿ ಆರು ತಿಂಗಳಾದರೂ ವಾಸವಾಗಿರಬೇಕು’ ಎಂದವಂತೆ.

“ಅಪ್ಪಾ, ಪುಣೆ ವಿಳಾಸದ ಮ್ಯಾಲ ಅಲ್ಲೇ ಒಂದು ಪಾಲಿಸಿ ತಗೊಂಡು ಕಳಸು.”

“ಇಲ್ಲಿ ಪಾಲಿಸಿಗೆ ಪ್ರಯಾಣ ಭಾರತದಿಂದನ ಶುರು ಆಗಬೇಕು ಅಂತ ಬರದಾರ. ನೀ ಇರೋದು ಲೀಡ್ಸ್‌ನ್ಯಾಗ.”

“ನನ್ನ ಮನಿ ಪುಣೆನೇ ಅಲ್ಲೇನು?”

ಉತ್ತರ ಹೊಳೆಯಲಿಲ್ಲ. ಹೆಂಡತಿ ಬೇರೆ, “ನಲವತ್ತು ವರ್ಷ ಇಲ್ಲಿದ್ದೂ ನೀವು ಧಾರವಾಡ ಅಂತೀರಿ. ಅವ ಅಂದ್ರ ಅಷ್ಟ ಸುಳ್ಳೇನು?” ಅಂದಳು.

ರಾತ್ರಿ ನಿದ್ದೆ ಹತ್ತಲಿಲ್ಲ. ನಮ್ಮ ಭಾಷೆಯಲ್ಲಿ ಇವು ಎರಡು ಬೇರೆ ಪ್ರಶ್ನೆಗಳು: ‘ಊರು ಯಾವುದು?’ ಮತ್ತು ‘ಇರೋದು ಎಲ್ಲಿ?’ ಮೊದಲನೆಯದು ಕರುಳಿನ ಮಾತು, ಅದಕ್ಕೆ ದಾಖಲೆ ಬೇಡ. ಎರಡನೆಯದು ಕಾಲೂರಿದ ನೆಲದ ಮಾತು. ಧಾರವಾಡದಿಂದ ಪುಣೆಗೆ ಬರಲು ನನ್ನನ್ನು ಯಾರೂ ವೀಸಾ ಕೇಳಲಿಲ್ಲ. ಎರಡನ್ನೂ ಬೆರೆಸಿಕೊಂಡೇ ಬದುಕು ನಡೆಯಿತು. ದೇಶದ ಗಡಿ ದಾಟಿದವನಿಗೆ ಅದು ನಡೆಯದು. ನಮ್ಮ 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಲೆಕ್ಕದಲ್ಲೂ ಉದ್ಯೋಗಕ್ಕೆಂದು ದೇಶ ಬಿಟ್ಟವನು ಇಲ್ಲಿನ ನಿವಾಸಿಯಲ್ಲ. ಅಲ್ಲಿ ಇನ್ನೂ ಹೊಸಬ, ಇಲ್ಲಿ ಆಗಲೇ ಹೊರಗಿನವ. ಅವನ ಸಿಟ್ಟು ಸುಳ್ಳಲ್ಲ.

ಆದರೆ ವಿಮೆಯ ಫಾರಂ ಕೇಳುವುದು ಎರಡನೆಯ ಪ್ರಶ್ನೆಯನ್ನು. ಪ್ಯಾರಿಸ್ಸಿನಲ್ಲಿ ಕಾಲು ಮುರಿದರೆ ಅವನನ್ನು ಎಲ್ಲಿಗೆ ಮುಟ್ಟಿಸಬೇಕು, ಅದಕ್ಕೆ ಖರ್ಚೆಷ್ಟು ಎಂಬುದನ್ನೆಲ್ಲ ನೋಡಿಯೇ ಕಂತು ಗೊತ್ತುಮಾಡುತ್ತಾರೆ. ವಿಮೆಯ ಹಣವೆಂದರೆ ನಮ್ಮಂಥ ಸಾವಿರಾರು ಜನ ಸೇರಿಸಿಟ್ಟ ಗಂಟು. ಸುಳ್ಳು ಹೇಳಿ ಅದರೊಳಗೆ ಕೈಹಾಕಿದರೆ ಮೋಸ ಅವರಿಗೆ. ಸಿಕ್ಕಿಬಿದ್ದರೆ ಆಸ್ಪತ್ರೆಯ ಬಿಲ್ಲು ಇವನ ತಲೆಗೆ. ನಿಯಮ ಕಠಿಣವಾದದ್ದು ಸುಳ್ಳಿಗೆ ಪರವಾನಗಿಯಾಗದು.

ಬೆಳಿಗ್ಗೆ ಮಗನಿಗೆ ಹೇಳಿದೆ: “ಊರು ಪುಣೆ, ಇರೋದು ಲೀಡ್ಸ್. ಫಾರಂನ್ಯಾಗ ಲೀಡ್ಸ್ ಅಂತನ ಬರಿ.” ಸ್ವಲ್ಪ ಹೊತ್ತು ಸುಮ್ಮನಿದ್ದ. ವಾರದೊಳಗೆ ಆರು ತಿಂಗಳ ಷರತ್ತಿಲ್ಲದ ಪಾಲಿಸಿಯೊಂದು ಅಲ್ಲೇ ಸಿಕ್ಕಿತು, ಸ್ವಲ್ಪ ತುಟ್ಟಿ.

ಮೊನ್ನೆ ಬ್ಯಾಂಕಿನ ಫಾರಂನಲ್ಲಿ ‘ಖಾಯಂ ವಿಳಾಸ’ ಎಂಬಲ್ಲಿ ರೂಢಿಯಂತೆ ಧಾರವಾಡದ ಮನೆ ನಂಬರು ಬರೆಯಹೋದೆ. ಆ ಮನೆ ಮಾರಿ ಹನ್ನೆರಡು ವರ್ಷವಾಯಿತು. ಪೆನ್ನು ತಡೆದು ಪುಣೆಯದನ್ನೇ ಬರೆದೆ. ಪಕ್ಕದಲ್ಲಿ ಕೂತ ಮರಾಠಿ ಅಜ್ಜ, ಹೆಸರು ಕಂಡು, ನಿಮ್ಮ ಊರು ಯಾವುದೆಂದು ಕೇಳಿದರು.

ಧಾರವಾಡ, ಅಂದೆ.