ಔಷಧಿಗಿಂತ ಮೊದಲು ಗಾಳಿ

ಆಷಾಢದ ಮಳೆ ಹಿಡಿದರೆ ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಸೌದೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಮದರಸಕ್ಕೆ ಬರುವ ಹುಡುಗನೊಬ್ಬ ಬೆಳಿಗ್ಗೆ ತೂಕಡಿಸುತ್ತಿದ್ದ. ಗದರಿಸಿದೆ. "ಅಜ್ಜಿಗೆ ರಾತ್ರಿಯಿಡೀ ದಮ್ಮು ಉಸ್ತಾದ್, ಬೆನ್ನು ನೀವುತ್ತಿದ್ದೆ" ಎಂದ. ನನಗೆ ನಾಚಿಕೆಯಾಯಿತು.

ಸಂಜೆ ಒಂದು ಬಾಟಲಿ ಲಊಕೆ ಸಪಿಸ್ತಾನ್ ಹಿಡಿದು ಕಾಫಿ ತೋಟದ ಅವರ ಲೈನ್ ಮನೆಗೆ ಹೋದೆ. ಒಂದೇ ಕೋಣೆ, ಕಿಟಕಿಯಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ಆಕೆ ಒಲೆಯ ಪಕ್ಕದಲ್ಲೇ ಗೋಡೆಗೊರಗಿ ಕುಳಿತಿದ್ದರು. ಬಾಟಲಿ ಕೊಟ್ಟು, "ಸಬ್ರ್ ಮಾಡಿ ಉಮ್ಮಾ" ಎಂದು ಹೇಳಿ, ಪುಣ್ಯ ಗಳಿಸಿದ ಸಮಾಧಾನದಿಂದ ಹಿಂದಿರುಗಿದೆ.

ಓದುಗರೇ, ಆ ಸಮಾಧಾನಕ್ಕೆ ನಾನು ಅರ್ಹನಾಗಿದ್ದೆನೇ?

ಯುನಾನಿ ಹಕೀಮರು ಉಬ್ಬಸವನ್ನು ‘ಝೀಕುನ್ನಫಸ್’, ಅಂದರೆ ಉಸಿರಿನ ಇಕ್ಕಟ್ಟು ಎಂದು ಕರೆದರು. ಶೀತ ಮತ್ತು ತೇವ ಗುಣದ ಬಲ್ಗಮ್, ಅಂದರೆ ಕಫ, ಶ್ವಾಸಮಾರ್ಗದಲ್ಲಿ ಗಟ್ಟಿಯಾಗಿ ಕೂರುವುದೇ ಹೆಚ್ಚಾಗಿ ಅದಕ್ಕೆ ಕಾರಣವೆಂಬುದು ಅವರ ಲೆಕ್ಕ. ಅದನ್ನು ಸಡಿಲಿಸಲು ಅತಿಮಧುರ, ಚಳ್ಳೆಹಣ್ಣಿನ ಲಊಕ್, ಅಗಸೆ ಮತ್ತು ಜೇನಿನ ಲಊಕ್, ಝೂಫಾದ ಶರಬತ್ತು. ನಮಗೆ ನೆನಪಿರುವುದು ಇಷ್ಟೇ. ಆದರೆ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು, ‘ಅಸ್ಬಾಬೆ ಸಿತ್ತಾ ಝರೂರಿಯ್ಯಾ’ಗಳನ್ನು, ಎಣಿಸುವಾಗ ಅದೇ ಶಾಸ್ತ್ರ ಮೊದಲು ಹೆಸರಿಸುವುದು ಗಾಳಿಯನ್ನು. ಚಿಕಿತ್ಸೆಯಲ್ಲೂ ಬದುಕಿನ ಕ್ರಮವನ್ನು, ಆಹಾರವನ್ನು ಸರಿಪಡಿಸಿದ ಬಳಿಕವೇ ದವಾ. ನಾನು ಕೊನೆಯದರಿಂದ ಆರಂಭಿಸಿದ್ದೆ.

12ನೇ ಶತಮಾನದ ಕೊನೆಯಲ್ಲಿ ಕೈರೋದ ಯಹೂದಿ ವೈದ್ಯ ಮೂಸಾ ಬಿನ್ ಮೈಮೂನ್, ಉಬ್ಬಸವಿದ್ದ ಗಣ್ಯನೊಬ್ಬನಿಗಾಗಿ ಅರಬಿಯಲ್ಲಿ ಒಂದು ಗ್ರಂಥ ಬರೆದರು. ಅದರಲ್ಲೂ ಊಟ, ನಿದ್ರೆ, ಶುದ್ಧ ಗಾಳಿಯ ಮಾತಿಗೇ ದೊಡ್ಡ ಸ್ಥಾನ. ಆ ಗಣ್ಯ ಬೇಕಾದರೆ ಊರನ್ನೇ ಬದಲಿಸಬಹುದಿತ್ತು. ಲೈನ್ ಮನೆಯ ಉಮ್ಮ ಎಲ್ಲಿಗೆ ಹೋಗಬೇಕು?

ವರ್ಷಗಟ್ಟಲೆ ಸೌದೆಯ ಹೊಗೆ ಕುಡಿದ ಶ್ವಾಸಕೋಶ ಶಾಶ್ವತವಾಗಿ ಕೆಡಬಹುದೆಂದು ಇಂದಿನ ವೈದ್ಯರು ಹೇಳುತ್ತಾರೆ. ಕೆಟ್ಟದ್ದನ್ನು ಲಊಕ್ ಮರಳಿಸದು. ಉಸಿರು ಕಟ್ಟಿದ ರಾತ್ರಿ ಇನ್‌ಹೇಲರ್ ಬೇಕು, ಆಸ್ಪತ್ರೆ ಬೇಕು. ‘ಅದು ಚಟವಾಗುತ್ತದೆ, ಬಿಡಿ’ ಎಂದು ಸಲಹೆ ಕೊಡುವವರು ನಮ್ಮಲ್ಲಿ ಕಡಿಮೆಯಿಲ್ಲ. ವೈದ್ಯವನ್ನರಿಯದೆ ಚಿಕಿತ್ಸೆಗಿಳಿದವನು ಹಾನಿಗೆ ತಾನೇ ಹೊಣೆಗಾರನೆಂದು ಪ್ರವಾದಿ(ಸ)ರು ತಿಳಿಸಿರುವುದನ್ನು ಅವರು ನೆನೆಯಲಿ.

ಇನ್ನು ಸಬ್ರ್. ರೋಗಿಯ ಸಹನೆಗೆ ಅಲ್ಲಾಹನ ಬಳಿ ಪ್ರತಿಫಲವಿದೆ, ನಿಜ. ಆದರೆ ಗೋಡೆಯಲ್ಲಿ ಕಿಟಕಿ ಇಡದಿದ್ದುದು ಅಲ್ಲಾಹನ ವಿಧಿಯೇ? ಕಟ್ಟಿಸಿದವನ ಉಳಿತಾಯವನ್ನು ವಿಧಿಯೆಂದು ಕರೆದು, ಅದನ್ನು ಸಹಿಸುವ ಕರ್ತವ್ಯವನ್ನು ಆ ಮುದುಕಿಯ ಮೇಲೆ ಹೊರಿಸಿ ಬಂದೆನಲ್ಲ!

ಮತ್ತೆ ಹೋದೆ. ಮೂಲೆಯಲ್ಲಿ ಗ್ಯಾಸ್ ಸಿಲಿಂಡರ್ ಇತ್ತು, ಖಾಲಿ. ತುಂಬಿಸಲು ಹಣವಿರಲಿಲ್ಲ. ಅದು ಜಮಾಅತಿನಿಂದ ಆಯಿತು. ಕಿಟಕಿಯ ಮಾತೆತ್ತಿದಾಗ ತೋಟದ ರೈಟರ್ "ಸಾಹುಕಾರರನ್ನೇ ಕೇಳಿ" ಎಂದರು. ಈ ಶುಕ್ರವಾರ ಜುಮಾ ಮುಗಿಸಿ ಇಬ್ಬರು ಹಿರಿಯರೊಂದಿಗೆ ಅಲ್ಲಿಗೇ ಹೊರಟಿದ್ದೇನೆ.