ಹಸಿರು ಸೀರೆ ಎಲ್ಲಿ ಹೋಯಿತು?

ಕಡೇಚೂರಿನಲ್ಲಿ ಪರಿಚಯದ ಮನೆಯ ಹಿರಿಯ ಅವ್ವನೊಬ್ಬರ ಫೋಟೋ ತೆಗೆದಿದ್ದೆವು. ತೊಗರಿ ಹೊಲದ ಬದುವಿನ ಮೇಲೆ ನಿಂತಿದ್ದರು. ಕಂಪ್ಯೂಟರಿನಲ್ಲಿ ಅದನ್ನು ಕಪ್ಪು-ಬಿಳುಪಿಗೆ ತಿರುಗಿಸಿ ಕಾಂಟ್ರಾಸ್ಟ್ ಏರಿಸಿದಾಗ ಮುಖದ ಒಂದೊಂದು ಸುಕ್ಕೂ ಎದ್ದು ಬಂತು. ನೋಡಿದ ಗೆಳೆಯರೆಲ್ಲ ಭೇಷ್ ಎಂದರು. ಅವ್ವ ಮಾತ್ರ ಪ್ರಿಂಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನನ್ನ ಹಸರ ಸೀರಿ ಎಲ್ಲಿ ಹೋತೋ ತಮ್ಮಾ? ಫೋಟೋಕ್ಕಂತನೇ ಹೊಸಾದು ಉಟ್ಟಿದ್ನಲ್ಲ" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಬಣ್ಣ ತೆಗೆಯುವುದು ಸುಳ್ಳೇ? ಹಾಗೆನ್ನಲಾಗದು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಜನಸಾಮಾನ್ಯರ ಬದುಕನ್ನು ಕಪ್ಪು-ಬಿಳುಪಿನಲ್ಲಿ ಹಿಡಿದಿಟ್ಟರು. ಅವುಗಳ ಸತ್ಯವನ್ನು ಯಾರೂ ಪ್ರಶ್ನಿಸಲಿಲ್ಲ. ಆದರೆ ಅವರ ಫಿಲ್ಮಿನಲ್ಲಿ ಬಣ್ಣವೇ ಇರಲಿಲ್ಲ. ಇಂದಿನ ಕ್ಯಾಮೆರಾ ಬಣ್ಣವನ್ನು ಹಿಡಿದುಕೊಡುತ್ತದೆ, ಕಳೆಯುವವರು ನಾವು. ಸಾಮಾನ್ಯ ಲೆಕ್ಕದಲ್ಲಿ ಬೂದು ಬಣ್ಣಕ್ಕೆ ಹಸಿರಿನಿಂದ ಶೇ. 59, ಕೆಂಪಿನಿಂದ 30, ನೀಲಿಯಿಂದ 11 ಪಾಲು ಸೇರುತ್ತದೆ. ಈ ಪಾಲನ್ನು ಬದಲಿಸಬಹುದು. ಕೆಂಪು ಹೆಚ್ಚಿಸಿದರೆ ಮುಖ ತಿಳಿಯಾಗಿ ನೀಲಿ ಆಕಾಶ ಕಪ್ಪಾಗುತ್ತದೆ. ನೀಲಿ ಹೆಚ್ಚಿಸಿದರೆ ಕಂದು ಚರ್ಮ ಕಪ್ಪಿಟ್ಟು ಸುಕ್ಕುಗಳು ಆಳವಾಗುತ್ತವೆ. ನಾವು ಮಾಡಿದ್ದು ಎರಡನೆಯದನ್ನು. ಅವ್ವನನ್ನು ಅಷ್ಟು ಬಡವಾಗಿಸಿದ್ದು ಬಿಸಿಲಲ್ಲ, ನಾವೇ.

1994ರ ಜೂನಿನಲ್ಲಿ ಅಮೆರಿಕದ 'ಟೈಮ್' ಪತ್ರಿಕೆ ಕೊಲೆ ಆರೋಪಿ ಓ.ಜೆ. ಸಿಂಪ್ಸನ್ನರ ಪೊಲೀಸ್ ಫೋಟೋವನ್ನು ಗಾಢಗೊಳಿಸಿ ಮುಖಪುಟಕ್ಕೆ ಹಾಕಿತು. ಅದೇ ಫೋಟೋ 'ನ್ಯೂಸ್‌ವೀಕ್'ನಲ್ಲಿ ಇದ್ದಂತೆಯೇ ಬಂದದ್ದರಿಂದ ವ್ಯತ್ಯಾಸ ಎದ್ದು ಕಂಡಿತು. ಕಪ್ಪುವರ್ಣೀಯನನ್ನು ಇನ್ನಷ್ಟು ಕಪ್ಪಾಗಿಸಿ ಅಪರಾಧಿಯಂತೆ ತೋರಿಸಲಾಗಿದೆ ಎಂಬ ಆಕ್ಷೇಪ ಎದ್ದಿತು. ಕತ್ತಲೆ ಹೆಚ್ಚಿಸಿಯೂ ತೀರ್ಪು ಕೊಡಬಹುದು!

ಇದು ದೂರದ ದೇಶದ ಮಾತಷ್ಟೇ ಅಲ್ಲ. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದ ಹೊಗೆ, ದುರ್ವಾಸನೆಯ ಬಗ್ಗೆ ಸುತ್ತಲಿನ ಹಳ್ಳಿಗಳವರು ದೂರಿದ್ದಾರೆ. ಅಲ್ಲಿನ ಒಂದು ಫೋಟೋದಲ್ಲಿ ಆಕಾಶವನ್ನು ಕಪ್ಪಾಗಿಸಿದರೆ ಬಿಳಿ ಹೊಗೆ ಭೂತದಂತೆ ಎದ್ದು ನಿಲ್ಲುತ್ತದೆ. ಆಕಾಶವನ್ನು ಬೆಳಗಿಸಿದರೆ ಹೊಗೆಯೇ ಮಾಯ! ಮೊದಲನೆಯದನ್ನು ಊರವರ ಪರವಾಗಿ, ಎರಡನೆಯದನ್ನು ಕಾರ್ಖಾನೆಯ ಪರವಾಗಿ ತೋರಿಸಬಹುದು. ನಮ್ಮ ಮನಸ್ಸು ಊರವರ ಕಡೆಗಿದೆ. ಆದರೂ ಉತ್ಪ್ರೇಕ್ಷೆಯ ಚಿತ್ರ ಸಿಕ್ಕಿಬಿದ್ದ ದಿನ ನ್ಯಾಯವಾದ ದೂರೂ ಸೋಲುತ್ತದೆ ಎಂಬುದನ್ನು ಮರೆಯಬಾರದು.

ಸಾಮಾನ್ಯ ಡಿಜಿಟಲ್ ಚಿತ್ರದಲ್ಲಿ ಕಪ್ಪಿನಿಂದ ಬಿಳುಪಿಗೆ 256 ಮೆಟ್ಟಿಲುಗಳಿವೆ. ಒಳ್ಳೆಯ ಕಾಂಟ್ರಾಸ್ಟ್ ಎರಡು ತುದಿಗಳನ್ನು ಮುಟ್ಟುತ್ತದೆ, ನಡುವಿನವನ್ನೂ ಉಳಿಸುತ್ತದೆ. ಅತಿಯಾದರೆ ತುದಿಗಳಷ್ಟೇ ಉಳಿಯುತ್ತವೆ. ಮನುಷ್ಯರನ್ನು ಒಳ್ಳೆಯವರು, ಕೆಟ್ಟವರು ಎಂದು ಎರಡೇ ಪಾಲು ಮಾಡುವಾಗಲೂ ನಾವು ಮಾಡುವುದು ಇದನ್ನೇ ಅಲ್ಲವೇ?

ಕನ್ನಡದ ಕಚೇರಿಗಳಲ್ಲಿ 'ಅಮಾನತು' ಎಂದರೆ ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ದೂರವಿಡುವುದು. ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿ ಒಪ್ಪಿಸಿದ ವಸ್ತು. ಕ್ಯಾಮೆರಾದ ಮುಂದೆ ನಿಂತವರು ತಮ್ಮ ಮುಖವನ್ನು ನಮಗೆ ಒಪ್ಪಿಸುವುದು ಈ ಎರಡನೆಯ ಅರ್ಥದಲ್ಲಿ. ಆದ್ದರಿಂದ ಮೂಲ ಚಿತ್ರವನ್ನು ಅಳಿಸದೆ ಇಡಬೇಕು, ಏನು ಬದಲಿಸಿದೆವೆಂದು ಕೇಳಿದವರಿಗೆ ಹೇಳಬೇಕು, ಎಲ್ಲಕ್ಕಿಂತ ಮೊದಲು ಚಿತ್ರದಲ್ಲಿರುವವರಿಗೆ ತೋರಿಸಬೇಕು.

ಮುಂದಿನ ಸಲ ಹೋದಾಗ ಅವ್ವನಿಗೆ ಬಣ್ಣದ ಪ್ರಿಂಟ್ ಕೊಟ್ಟೆವು. ಮುಖದ ಕಡೆಗೆ ಅವರು ಹೆಚ್ಚು ನೋಡಲಿಲ್ಲ. ಸೀರೆಯ ಕೆಂಪು ಅಂಚಿನ ಮೇಲೆ ಬೆರಳಾಡಿಸಿ, "ಹಾಂ, ಇದು ನಾನು" ಎಂದರು.