ಧರ್ಮಕ್ಕೆ ಆಸರೆ ಯಾವುದು?



ಇಂಡಿಯಲ್ಲಿ ಒಂದು ಶುಕ್ರವಾರ ಜುಮಾ ನಮಾಝ್ ಮುಗಿಸಿ ಹೊರಬರುತ್ತಿದ್ದಾಗ ಹಿರಿಯರೊಬ್ಬರು ನನ್ನ ಕೈ ಹಿಡಿದು ನಿಲ್ಲಿಸಿದರು. ಅವರ ಮೊಮ್ಮಗ ಓದಲೆಂದು ಇಂಗ್ಲೆಂಡಿಗೆ ಹೊರಟಿದ್ದ. “ಹಜರತ್, ಅಲ್ಲಿ ಚರ್ಚುಗಳಿಗೇ ಬೀಗ ಬಿದ್ದಾವಂತ. ಅಂಥಾ ಊರಾಗ ನಮ್ಮ ಹುಡುಗನ ಈಮಾನ್ ಹೆಂಗ ಉಳೀತದರೀ?” ಎಂದು ಕೇಳಿದರು. ಆ ಕ್ಷಣಕ್ಕೆ ದುಆ ಮಾಡಿ ಅವರನ್ನು ಕಳಿಸಿಕೊಟ್ಟೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಧರ್ಮವು ಒಂದು ನಾಡಿನಲ್ಲಿ ಉಳಿಯುವುದು ಯಾವುದರ ಆಸರೆಯಿಂದ?

ಇಂಗ್ಲೆಂಡಿನಲ್ಲಿ ಧರ್ಮಕ್ಕೆ ರಾಜ್ಯದ ಬೆಂಬಲ ಕಡಿಮೆಯೇನೂ ಇಲ್ಲ. ಅಲ್ಲಿನ ಅರಸನೇ ಇಂಗ್ಲೆಂಡ್ ಚರ್ಚಿನ ಪರಮಾಧಿಕಾರಿ. ಸಂಸತ್ತಿನ ಮೇಲ್ಮನೆಯಲ್ಲಿ 26 ಬಿಷಪ್ಪರಿಗೆ ಆಸನಗಳು ಮೀಸಲಾಗಿವೆ. ಕ್ರೈಸ್ತ ಧರ್ಮವನ್ನು ನಿಂದಿಸಿದವರನ್ನು ಶಿಕ್ಷಿಸುವ ಹಳೆಯ ಕಾನೂನು 2008ರವರೆಗೂ ಇತ್ತು. ಆದರೂ ಆದದ್ದೇನು? ಇಂಗ್ಲೆಂಡ್ ಮತ್ತು ವೇಲ್ಸ್‌ನ 2001ರ ಜನಗಣತಿಯಲ್ಲಿ ಶೇ. 71.7ರಷ್ಟು ಜನ ತಾವು ಕ್ರೈಸ್ತರೆಂದು ಬರೆಸಿದ್ದರು. 2011ರಲ್ಲಿ ಅದು ಶೇ. 59.3ಕ್ಕೆ ಇಳಿಯಿತು. 2021ರಲ್ಲಿ ಶೇ. 46.2ಕ್ಕೆ ಬಂದು ನಿಂತಿತು. ತಮಗೆ ಯಾವ ಧರ್ಮವೂ ಇಲ್ಲವೆಂದವರು ಶೇ. 37.2. ಪೀಠ ಉಳಿಯಿತು, ಪೀಠದ ಮುಂದೆ ಕುಳಿತುಕೊಳ್ಳುವವರು ಎದ್ದು ಹೋದರು.

ಇದೇ ನಾಡಿನಲ್ಲಿ ಇನ್ನೊಂದು ಬದಲಾವಣೆಯೂ ನಡೆದಿದೆ. ಅಲ್ಲಿ ಒಂದು ಕಾಲಕ್ಕೆ ಕ್ಯಾಥೊಲಿಕರಿಗೂ ಸಂಸತ್ತಿನಲ್ಲಿ ಕುಳಿತುಕೊಳ್ಳುವ ಹಕ್ಕಿರಲಿಲ್ಲ, ಅದು ದೊರೆತದ್ದು 1829ರಲ್ಲಿ. ಯಹೂದಿಯರು 1858ರವರೆಗೆ ಕಾಯಬೇಕಾಯಿತು. ಪೇಟ ಧರಿಸುವ ಸಿಖ್ಖರಿಗೆ ಮೋಟಾರ್ ಸೈಕಲ್ ಹೆಲ್ಮೆಟ್‌ನಿಂದ ವಿನಾಯಿತಿ ಕೊಡುವ ಕಾನೂನು 1976ರಲ್ಲಿ ಬಂದಿತು. ಮುಸ್ಲಿಂ ಶಾಲೆಗಳಿಗೆ ಸರ್ಕಾರದ ಅನುದಾನ ಮೊದಲು ಸಿಕ್ಕಿದ್ದು 1998ರಲ್ಲಿ. 2023ರ ಮೇ 6ರಂದು ಮೂರನೆಯ ಚಾರ್ಲ್ಸ್ ಅರಸರ ಪಟ್ಟಾಭಿಷೇಕ ಚರ್ಚಿನೊಳಗೇ ನಡೆದರೂ, ರಾಜಚಿಹ್ನೆಗಳನ್ನು ತಂದೊಪ್ಪಿಸಿದವರಲ್ಲಿ ಮುಸ್ಲಿಂ, ಹಿಂದೂ, ಸಿಖ್ ಮತ್ತು ಯಹೂದಿ ಸದಸ್ಯರಿದ್ದರು.

ನಮ್ಮ ಜಿಲ್ಲೆಯ ಹೆಸರೂ ಅಲ್ಲಿಗೆ ತಲುಪಿದೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಥೇಮ್ಸ್ ನದಿಯ ದಂಡೆಯಲ್ಲಿ ಅನಾವರಣಗೊಳಿಸಲಾಯಿತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ಲಂಡನ್ ನಿವಾಸ ಇರುವುದೂ ಅದೇ ಲ್ಯಾಂಬೆತ್‌ನಲ್ಲಿ. ನಾವು ಪ್ರತಿಮೆಗಳಿಗೆ ನಮಿಸುವವರಲ್ಲ. ಆದರೆ ದುಡಿದು ಪ್ರಾಮಾಣಿಕವಾಗಿ ಉಣ್ಣಬೇಕೆಂಬ ಕಾಯಕದ ಮಾತನ್ನು ಕೇಳುತ್ತಲೇ ಬೆಳೆದ ನೆರೆಹೊರೆ ನಮ್ಮದು. ಆ ಮಾತು ಬದುಕಬೇಕಾದದ್ದು ಥೇಮ್ಸ್ ದಂಡೆಯ ಪ್ರತಿಮೆಯಲ್ಲಲ್ಲ, ಬಾಗೇವಾಡಿಯ ಸಂತೆಯಲ್ಲಿ ಎಂಬುದನ್ನು ನಮ್ಮ ಲಿಂಗಾಯತ ನೆರೆಯವರೂ ಒಪ್ಪುತ್ತಾರೆ.

ಇನ್ನೊಬ್ಬರ ಆರಾಧನಾಲಯ ಬರಿದಾಯಿತೆಂದು ಹಿಗ್ಗುವುದು ಸತ್ಯವಿಶ್ವಾಸಿಗೆ ತಕ್ಕುದಲ್ಲ. ಅಲ್ಲಾಹನ ನಾಮಸ್ಮರಣೆ ನಡೆಯುವ ಸ್ಥಳಗಳನ್ನು ಹೇಳುವಾಗ ಪವಿತ್ರ ಕುರ್‌ಆನ್ ಮಸೀದಿಗಳ ಜೊತೆಗೆ ಮಠಗಳನ್ನೂ ಇಗರ್ಜಿಗಳನ್ನೂ ಹೆಸರಿಸುತ್ತದೆ. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂದೂ ಅದೇ ಗ್ರಂಥ ಸಾರಿದೆ. ಕಾನೂನಿನ ಬಲ ಬಾಗಿಲು ಕಾಯಬಲ್ಲದು. ಹೃದಯದಲ್ಲಿ ದೇವಭಯವನ್ನು ತುಂಬಲಾರದು.

ಹಾಗಾದರೆ ಅನ್ಯ ನಾಡಿನಲ್ಲಿ ವಿಶ್ವಾಸಿಗೆ ಏನು ಆಸರೆ? ಇಸ್ಲಾಮಿನ ಆರಂಭದ ದಿನಗಳನ್ನು ನೋಡಿ. ಮಕ್ಕಾದ ಹಿಂಸೆ ತಾಳಲಾರದೆ ಮುಸ್ಲಿಮರ ಒಂದು ಗುಂಪು ಅಬಿಸೀನಿಯಾಕ್ಕೆ ವಲಸೆ ಹೋಯಿತು. ಅಲ್ಲಿನ ದೊರೆ ನಜ್ಜಾಶಿ ಕ್ರೈಸ್ತ. ವಲಸೆ ಬಂದವರನ್ನು ಹಿಂದಕ್ಕೆ ಒಪ್ಪಿಸಬೇಕೆಂದು ಕುರೈಷರು ಕಾಣಿಕೆಗಳೊಂದಿಗೆ ದೂತರನ್ನು ಕಳಿಸಿದರು. ದೊರೆ ವಿಚಾರಿಸಿದಾಗ ಹಝ್ರತ್ ಜಅಫರ್ ಬಿನ್ ಅಬೀತಾಲಿಬ್(ರ) ಎದ್ದು ನಿಂತರು. ತಾವು ಹಿಂದೆ ವಿಗ್ರಹಗಳನ್ನು ಪೂಜಿಸುತ್ತಿದ್ದೆವು, ನೆರೆಯವರನ್ನು ಪೀಡಿಸುತ್ತಿದ್ದೆವು, ನಮ್ಮಲ್ಲಿ ಬಲಿಷ್ಠರು ದುರ್ಬಲರನ್ನು ನುಂಗುತ್ತಿದ್ದರು ಎಂದು ಒಪ್ಪಿಕೊಂಡರು. ಪ್ರವಾದಿಯವರು(ಸ) ಏಕದೇವನನ್ನು ಆರಾಧಿಸಲು, ಸತ್ಯ ನುಡಿಯಲು, ಅಮಾನತ್ತನ್ನು ಮರಳಿಸಲು, ನೆರೆಯವರೊಂದಿಗೆ ಚೆನ್ನಾಗಿ ವರ್ತಿಸಲು ಕಲಿಸಿದರೆಂದು ವಿವರಿಸಿದರು. ನಂತರ ಮರ್ಯಮ್ ಅಧ್ಯಾಯವನ್ನು ಓದಿದರು. ನಜ್ಜಾಶಿ ಅತ್ತನು. ಕಾಣಿಕೆಗಳು ಮರಳಿ ಹೋದವು. ಅಂದು ಆ ಸಭೆಯಲ್ಲಿ ಇಸ್ಲಾಮಿಗೆ ಯಾವ ಪೀಠವಿತ್ತು? ಯಾವ ಸಂಖ್ಯಾಬಲವಿತ್ತು? ಬದಲಾದ ಬದುಕೊಂದೇ ಅವರ ಸಾಕ್ಷ್ಯವಾಗಿತ್ತು.

ಈಗ ನಮ್ಮೂರಿಗೆ ಬರೋಣ. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಒಂದು ದಿನ ಪಾಠದ ನಡುವೆ ಹುಡುಗನೊಬ್ಬ ಎದ್ದು ಕೇಳಿದ: “ಹಜರತ್, ಚೀಲದ ಮ್ಯಾಲ ದಪ್ಪ ನಿಂಬಿಕಾಯಿ ಇಟ್ಟು, ಒಳಗ ಸಣ್ಣವು ತುಂಬಿದ್ರ ಗುನ್ಹಾ ಆಗತೈತೇನ್ರೀ? ನಮ್ಮ ಅಬ್ಬಾ ಹಂಗ ತುಂಬಸ್ತಾರ.” ಆ ತಂದೆ ಮದ್ರಸಕ್ಕೆ ಧಾರಾಳವಾಗಿ ಚಂದಾ ಕೊಡುವವರು. ನಾನು “ಕೂತ್ಕೋ, ಮೊದಲು ವುಝೂವಿನ ಪಾಠ ಮುಗಿಸು” ಎಂದುಬಿಟ್ಟೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಪ್ರವಾದಿಯವರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿತು. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆಯೇ ಏಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಕೇಳಿದರು. ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಈ ಹದೀಸನ್ನು ನಾನು ಬಾಯಿಪಾಠ ಮಾಡಿದ್ದೆ. ಹುಡುಗ ಕೇಳಿದ್ದೂ ಅದನ್ನೇ. ಮರುದಿನ ಮಕ್ಕಳಿಗೆ ಅದನ್ನೇ ಪಾಠ ಮಾಡಿದೆ. ಆದರೆ ಆ ತಂದೆಯ ಮನೆಗೆ ಹೋಗಿ ಹೇಳುವ ಧೈರ್ಯ ಬರಲು ಎರಡು ತಿಂಗಳು ಬೇಕಾಯಿತು. ಅವರು ಸಿಟ್ಟಾಗಲಿಲ್ಲ. “ಎಲ್ಲಾರೂ ಹಂಗೇ ಮಾಡ್ತಾರಲ್ರೀ” ಎಂದು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, “ಹುಡುಗ ಕೇಳಿದ್ನೇನ್ರೀ?” ಎಂದು ತಲೆ ತಗ್ಗಿಸಿದರು.

ಇಂಡಿಯ ನಿಂಬೆ, ಸಿಂದಗಿಯ ತೊಗರಿ, ಮುದ್ದೇಬಿಹಾಳದ ಜೋಳ, ಎಲ್ಲವೂ ತಕ್ಕಡಿಗೆ ಬರುತ್ತವೆ. ತಕ್ಕಡಿ ಹಿಡಿದ ಕೈ ಮುಸ್ಲಿಮನದಾಗಿದ್ದರೆ ಆ ಹೊತ್ತಿನಲ್ಲಿ ಇಸ್ಲಾಮೇ ಸಂತೆಯಲ್ಲಿ ನಿಂತಿರುತ್ತದೆ. 2022ರಲ್ಲಿ ನಮ್ಮ ರಾಜ್ಯದ ಕಾಲೇಜುಗಳಲ್ಲಿ ಹಿಜಾಬಿನ ಪ್ರಶ್ನೆ ಎದ್ದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹಕ್ಕನ್ನು ಕಾನೂನಿನ ದಾರಿಯಲ್ಲಿ ಕೇಳುವುದು ಸರಿಯೇ, ಕೇಳಲೇಬೇಕು. ಆದರೆ ಹಕ್ಕು ಸಿಕ್ಕ ಮೇಲೂ ನಡತೆಯನ್ನು ಯಾವ ನ್ಯಾಯಾಲಯವೂ ನಮಗೆ ಕೊಡಲಾರದು.

ಆ ಹಿರಿಯರು ಮತ್ತೆ ಸಿಕ್ಕಾಗ ಹೇಳಿದೆ: “ಚಾಚಾ, 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 39 ಲಕ್ಷ ಮುಸ್ಲಿಮರಿದ್ದರು, ಮಸೀದಿಗಳಿವೆ. ನಿಮ್ಮ ಮೊಮ್ಮಗನಿಗೆ ನಮಾಝಿಗೆ ಜಾಗ ಸಿಗುತ್ತದೆ. ಅವನ ಈಮಾನ್ ಉಳಿಯುವುದು ಅಲ್ಲಿನ ಚರ್ಚು ತೆರೆದಿದೆಯೋ ಮುಚ್ಚಿದೆಯೋ ಎಂಬುದರಿಂದಲ್ಲ, ನಿಮ್ಮ ಮನೆಯಲ್ಲಿ ಅವನು ಏನನ್ನು ನೋಡಿ ಬೆಳೆದ ಎಂಬುದರಿಂದ.” ಅವರು ಬಹಳ ಹೊತ್ತು ಮಾತಾಡಲಿಲ್ಲ.

ಸಹೋದರ ಸಹೋದರಿಯರೇ, ಈ ಪತ್ರಿಕೆಯನ್ನು ಮಡಚಿಡುವ ಮೊದಲು ನಿಮ್ಮ ಮಕ್ಕಳು ನಿಮ್ಮ ಅಂಗಡಿಯಲ್ಲಿ, ಹೊಲದಲ್ಲಿ, ಅಡುಗೆಮನೆಯಲ್ಲಿ ಏನನ್ನು ನೋಡುತ್ತಿದ್ದಾರೆಂದು ಒಮ್ಮೆ ಯೋಚಿಸಿರಿ. ಅವರು ಕೇಳಿದರೆ ನನ್ನ ಹಾಗೆ “ಕೂತ್ಕೋ” ಎನ್ನಬೇಡಿರಿ.

ಅಲ್ಲಾಹನು ನಮ್ಮ ತಕ್ಕಡಿಗಳನ್ನೂ ನಾಲಿಗೆಗಳನ್ನೂ ನೇರವಾಗಿರಿಸಲಿ. ನಮ್ಮ ನಡತೆಯನ್ನು ನಮ್ಮ ವಿಶ್ವಾಸಕ್ಕೆ ಸಾಕ್ಷಿಯಾಗಿಸಲಿ. ಆಮೀನ್.